ಸನ್ನದಿನ ಪರೀಕ್ಷೆ

2023ರ ಒಂದು ಭಾನುವಾರ ಮಧ್ಯಾಹ್ನ, ಮಾಯಸಂದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ತಮ್ಮನ ಮಗಳು ನನ್ನ ಮುಂದೆ ಒಂದು ಪ್ರಶ್ನೆಪತ್ರಿಕೆ ತಂದಿಟ್ಟಳು. ನೂರು ಪ್ರಶ್ನೆ. ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಕಾಲ ಮೂರೂವರೆ ಗಂಟೆ. "ದೊಡ್ಡಪ್ಪ, ನೀವು ನಲವತ್ತು ವರ್ಷ ಕೋರ್ಟಲ್ಲಿ ಇದ್ದೋರು. ಇದನ್ನ ಒಂದು ಸಲ ಮಾಡಿ ನೋಡಿ, ನನಗೂ ಒಂದಿಷ್ಟು ಧೈರ್ಯ ಬರುತ್ತೆ" ಅಂದಳು. ಕನ್ನಡಕ ಒರೆಸಿಕೊಂಡು ಕೂತೆ. ಸಂಜೆ ಅವಳೇ ತಿದ್ದಿದಳು. ನನಗೆ ಬಂದದ್ದು 43. ಅವಳಿಗೆ ಧೈರ್ಯ ಬರಲಿಲ್ಲ, ನಗು ಬಂತು.

ಅದು ಅಖಿಲ ಭಾರತ ವಕೀಲರ ಪರೀಕ್ಷೆಯ ಅಭ್ಯಾಸದ ಪತ್ರಿಕೆ. ಕಾನೂನಿನ ಪದವಿ ಮುಗಿಸಿ, ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಕರಿಕೋಟು ಹೊಲಿಸಿಕೊಂಡರೂ ಈಗ ಸಾಲದು. ಈ ಪರೀಕ್ಷೆ ದಾಟಿ ವೃತ್ತಿಪತ್ರ ಪಡೆಯಬೇಕು. ಅದಕ್ಕೆ ಎರಡು ವರ್ಷ ಗಡುವು. ಹುಡುಗಿ ಆ ವರ್ಷದ ಫೆಬ್ರವರಿ 5ರಂದು ಬೆಂಗಳೂರಿಗೆ ಹೋಗಿ ಬರೆದಿದ್ದಳು, ದಾಟಿರಲಿಲ್ಲ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ಜಾಸ್ತಿ ನೋಯಿಸುತ್ತದೆ ಎಂಬುದು ಪರೀಕ್ಷೆ ಬರೆದವರಿಗೆಲ್ಲ ಗೊತ್ತು.

ನಾನು ಇಂಥ ಪರೀಕ್ಷೆಯನ್ನೇ ಬರೆದವನಲ್ಲ. 1983ರಲ್ಲಿ ಬೆಂಗಳೂರಿಗೆ ಹೋಗಿ, ಹಣ ಕಟ್ಟಿ, ಸನ್ನದು ಹಿಡಿದುಕೊಂಡು ತುರುವೇಕೆರೆ ಬಸ್ಸು ಹತ್ತಿದವನು. ಹಾಗಾದರೆ ನಮ್ಮ ಹಿಂದಿನವರು ಏನು ಮಾಡುತ್ತಿದ್ದರು, ನನ್ನನ್ನು ಯಾರೂ ಏಕೆ ಪರೀಕ್ಷಿಸಲಿಲ್ಲ, ಇವಳನ್ನು ಏಕೆ ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆ ಆ 43 ಅಂಕದ ಸಂಜೆ ನನ್ನನ್ನು ಹಿಡಿದುಕೊಂಡಿತು.

ಕಥೆ ನಮ್ಮ ತಾತನಿಂದ ಶುರುಮಾಡಬೇಕು. ಅವರು ವಕೀಲರಲ್ಲ, ಪತ್ರ ಬರಹಗಾರರು. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ದಾನಪತ್ರ ಎಲ್ಲವೂ ಅವರ ಕೈಯಲ್ಲಿ. ಪತ್ರದ ಕೊನೆಗೆ 'ಬಿಕ್ಕಲಂ' ಎಂದು ಬರೆದು ರುಜು ಮಾಡುವ ಹಕ್ಕು ಅವರದು. ನಮ್ಮ ತೋಟದ ಸೀಮೆಯಲ್ಲಿ ಪತ್ರ ಬರೆಯುವುದು ಸಾಮಾನ್ಯ ಕೆಲಸವಲ್ಲ. ಚೆಕ್ಕುಬಂದಿ ಬರೆದರೆ ಸಾಲದು, ಎಷ್ಟು ತೆಂಗಿನ ಮರ, ಅದರಲ್ಲಿ ಫಲ ಕಟ್ಟಿದ್ದೆಷ್ಟು, ಬದುವಿನ ಮೇಲಿನ ಮರ ಯಾರದು, ಬಾವಿಯ ನೀರಿಗೆ ಯಾರಿಗೆ ಯಾವ ಹೊತ್ತು, ಗಾಡಿ ಹೋಗಲು ಜಾಡು ಎಲ್ಲಿ ಎಂಬುದೆಲ್ಲ ಬರಬೇಕು. ಒಂದು ಮರ ಬಿಟ್ಟುಹೋದರೆ ಎರಡು ತಲೆಮಾರಿನ ದಾವೆ. ತಾತ ಬರೆದಾದ ಮೇಲೆ ಎರಡೂ ಕಡೆಯವರನ್ನು ಎದುರು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಹೆಂಗಸು ಹೆಬ್ಬೆಟ್ಟು ಒತ್ತುವ ಪತ್ರವಾದರೆ ಎರಡು ಸಲ. "ಕೇಳಿಸ್ತೇನವ್ವ?" ಎಂದು ಕೇಳಿ, ಆಕೆ "ಹ್ಞೂ" ಅಂದ ಮೇಲೆಯೇ ಮಸಿ ಮುಂದಿಡುವುದು. ಮುನ್ಸೀಫ್ ಕೋರ್ಟಿನ ಪ್ಲೀಡರುಗಳೇ ಅವರ ಹತ್ತಿರ ಬಂದು ಸ್ಟಾಂಪಿನ ಲೆಕ್ಕ ಕೇಳಿಕೊಂಡು ಹೋಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಇಷ್ಟು ಬಲ್ಲವರು ತಾವೇ ಯಾಕೆ ಪ್ಲೀಡರ್ ಆಗಲಿಲ್ಲ? ಅವರ ಓದು ಲೋಯರ್ ಸೆಕೆಂಡರಿಗೆ ನಿಂತಿತ್ತು. ಕಾನೂನು ಇದ್ದದ್ದು ಇಂಗ್ಲಿಷಿನಲ್ಲಿ, ಕಾನೂನಿನ ಕಾಲೇಜು ಇದ್ದದ್ದು ಮದರಾಸಿನಲ್ಲಿ.

ಈ ದೇಶದಲ್ಲಿ ವಕೀಲಿಕೆಗೆ ಸರ್ಕಾರ ಕಟ್ಟುಪಾಡು ಹಾಕಿದ್ದು 1793ರಲ್ಲಿ, ಬಂಗಾಳದ ಏಳನೆಯ ರೆಗ್ಯುಲೇಷನ್ನಿನಿಂದ. ಅದು ಕುಂಪಣಿಯ ಕೋರ್ಟುಗಳಲ್ಲಿ ವಾದಿಸಲು ಹಿಂದೂಗಳಿಗೂ ಮುಸಲ್ಮಾನರಿಗೂ ಮಾತ್ರ ಅವಕಾಶ ಕೊಟ್ಟಿತ್ತು. ಜಾತಿ, ಮತ, ದೇಶ ನೋಡದೆ ಅರ್ಹತೆಯಿದ್ದವರಿಗೆಲ್ಲ ಬಾಗಿಲು ತೆರೆದದ್ದು 1846ರ ಕಾಯ್ದೆ. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆ ಪ್ಲೀಡರು, ಮುಖ್ತಾರ, ರೆವಿನ್ಯೂ ಏಜೆಂಟು ಎಂದು ಮೆಟ್ಟಿಲು ಕಟ್ಟಿತು. ಮದರಾಸು ಪ್ರಾಂತದಲ್ಲಂತೂ ಪ್ಲೀಡರುಗಳಲ್ಲೇ ಫಸ್ಟ್ ಗ್ರೇಡು, ಸೆಕೆಂಡ್ ಗ್ರೇಡು. ಬಸ್ಸಿನ ಸೀಟಿನ ಹಾಗೆ. ಹೈಕೋರ್ಟಿನ ವಕೀಲ ಮೇಲೆ, ಅವನಿಗೂ ಮೇಲೆ ಲಂಡನ್ನಿನಿಂದ ಬಂದ ಬ್ಯಾರಿಸ್ಟರು. ಈ ಬ್ಯಾರಿಸ್ಟರಾಗಲು ಓದುವುದಕ್ಕಿಂತ ಊಟ ಮುಖ್ಯವಾಗಿತ್ತು. ಹನ್ನೆರಡು ಅವಧಿಗಳಲ್ಲಿ ಇಂತಿಷ್ಟು ಸಲ ಅಲ್ಲಿಯ ಭೋಜನಶಾಲೆಯಲ್ಲಿ ಹಾಜರಿ ಕೊಡಲೇಬೇಕು. 1891ರಲ್ಲಿ ಬ್ಯಾರಿಸ್ಟರಾದ ಗಾಂಧೀಜಿ, ಸಸ್ಯಾಹಾರಿಯಾಗಿ ಆ ಊಟಗಳನ್ನು ದಾಟಿದ ಬಗೆಯನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಲ್ಲಿಯ ಪರೀಕ್ಷೆಗಳೇನೂ ಕಷ್ಟದವಾಗಿರಲಿಲ್ಲ ಎಂದೂ ಅವರೇ ಒಪ್ಪಿಕೊಂಡಿದ್ದಾರೆ.

ನಮ್ಮ ಕಡೆ ಹಳಬರು 'ಸಾಲಿಸಿಟರ್' ಎಂಬ ಮಾತನ್ನು ವಕೀಲನಿಗಿಂತ ಒಂದು ತೂಕ ಹೆಚ್ಚಿನ ಯಾವುದೋ ಪದವಿಯೆಂದು ಬಳಸುತ್ತಿದ್ದರು. ಆದರೆ ಮೈಸೂರು ಸೀಮೆ ಸಾಲಿಸಿಟರನನ್ನು ಕಂಡದ್ದೇ ಇಲ್ಲ. ಅವನು ಬೊಂಬಾಯಿ, ಕಲ್ಕತ್ತೆಗಳ ಪ್ರಾಣಿ. ಕಕ್ಷಿದಾರನ ಅಹವಾಲು ಕೇಳಿ, ಕಾಗದ ಸಿದ್ಧಮಾಡಿ, ಬ್ಯಾರಿಸ್ಟರನ ಕೈಗೆ ಕೊಡುವವನು ಸಾಲಿಸಿಟರು. ಕೋರ್ಟಿನಲ್ಲಿ ಎದ್ದು ಮಾತಾಡುವವನು ಬ್ಯಾರಿಸ್ಟರು. ಸಾಲಿಸಿಟರಾಗಲು ಹಿರಿಯನ ಕಚೇರಿಯಲ್ಲಿ ವರ್ಷಗಟ್ಟಲೆ ಆರ್ಟಿಕಲ್ಡ್ ಗುಮಾಸ್ತನಾಗಿ ದುಡಿದು, ಆಮೇಲೆ ಬಿಗಿಯಾದ ಪರೀಕ್ಷೆ ಬರೆಯಬೇಕಿತ್ತು. 1976ರ ತಿದ್ದುಪಡಿ ಈ ಎರಡು ಕವಲಿನ ಪದ್ಧತಿಯನ್ನು 1977ರ ಜನವರಿಯಿಂದ ಕಾನೂನಿನಲ್ಲಿ ತೆಗೆದುಹಾಕಿತು. ಆದರೂ ಬೊಂಬಾಯಿಯ ಲಾ ಸೊಸೈಟಿ ಆ ಪರೀಕ್ಷೆಯನ್ನು ಬಿಟ್ಟಿಲ್ಲ. ಲೆಕ್ಕ ಹಾಕಿದರೆ ನಮ್ಮ ತಾತ ಮಾಡುತ್ತಿದ್ದದ್ದು ಮುಕ್ಕಾಲುಪಾಲು ಸಾಲಿಸಿಟರನ ಕೆಲಸವೇ. ಹೆಸರು ಮಾತ್ರ ಬೇರೆ, ಸಂಭಾವನೆ ಬಹಳ ಬೇರೆ.

ಮೈಸೂರಿನಲ್ಲಿ ಚೀಫ್ ಕೋರ್ಟು ಬಂದದ್ದು 1884ರಲ್ಲಿ, ಅದಕ್ಕೆ ಹೈಕೋರ್ಟೆಂಬ ಹೆಸರಾದದ್ದು 1930ರಲ್ಲಿ. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಆದರೆ ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ಬಾಗಿಲು ತೆರೆಯಲು 1948 ಆಗಬೇಕಾಯಿತು. ಇಂಜಿನಿಯರಿಂಗ್ ಇತ್ತು, ವೈದ್ಯ ಇತ್ತು, ಕಾನೂನು ಇರಲಿಲ್ಲ! ಲಾ ಪದವಿ ಬೇಕೆಂದವರು ಸಂಸ್ಥಾನದ ಗಡಿ ದಾಟಲೇಬೇಕು. ಬಹಳ ಮಂದಿ ಮದರಾಸಿಗೆ ಹೋದರು. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರೂ ಮದರಾಸಿನ ಬಿ.ಎಲ್. ಪದವೀಧರರೇ. ಅವರ ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಮಗನೂ ಆ ದಾರಿ ಹಿಡಿದಿದ್ದರೆ ಕನ್ನಡಕ್ಕೆ ಏನಾಗುತ್ತಿತ್ತೋ. 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಮೇಷ್ಟರಾಗಿ ಹೋದರು. ಕನ್ನಡದ ಪುಣ್ಯ, ಕಕ್ಷಿದಾರರ ದುರದೃಷ್ಟ ಅನ್ನಿ.

1924ರಲ್ಲಿ ಪುಣೆಯಲ್ಲಿ ಲಾ ಕಾಲೇಜು ಶುರುವಾದ ಮೇಲೆ ಪ್ರವಾಹ ಆ ಕಡೆ ತಿರುಗಿತು. ಚಿತ್ರದುರ್ಗದಲ್ಲಿ ವಕೀಲಿ ಹೂಡಿದ ನಿಜಲಿಂಗಪ್ಪನವರು ಅಲ್ಲಿ 1926ರಲ್ಲಿ ಪದವಿ ಪಡೆದವರು. ಕೆಂಗಲ್ ಹನುಮಂತಯ್ಯನವರೂ ಪುಣೆಯವರೇ. ಮುಂದೆ ಮುಖ್ಯಮಂತ್ರಿಗಳಾದ ಇಬ್ಬರು ಕಾನೂನು ಕಲಿಯಲು ಮರಾಠಿ ನಾಡಿಗೆ ಹೋಗಬೇಕಾಯಿತು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಲಾ ಕಾಲೇಜು ತೆರೆದದ್ದು 1939ರಲ್ಲಿ, ಆಗ ಅದು ಬೊಂಬಾಯಿ ಪ್ರಾಂತ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಇ.ಎಸ್. ವೆಂಕಟರಾಮಯ್ಯನವರು ಪುಣೆ, ಬೆಳಗಾವಿ ಎರಡೂ ಕಡೆ ಓದಿ, 1946ರಲ್ಲಿ ಮೈಸೂರು ಹೈಕೋರ್ಟಿನಲ್ಲಿ ಮೊದಲು ಪ್ಲೀಡರಾಗಿ, 1948ರಲ್ಲಿ ಅಡ್ವೊಕೇಟರಾಗಿ ಸೇರಿದರು. 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳು. ಅಂಥವರೂ ಪ್ಲೀಡರಿನ ಮೆಟ್ಟಿಲು ತುಳಿದೇ ಹತ್ತಿದರು ಎಂಬುದನ್ನು ನೋಡಿ.

ಮಾಯಸಂದ್ರದಿಂದ ಮದರಾಸಿಗೆ ಹೊರಡುವುದೆಂದರೆ ಗಾಡಿ ಕಟ್ಟಿಸಿಕೊಂಡು ಬಾಣಸಂದ್ರದ ಸ್ಟೇಷನ್ನಿಗೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಮತ್ತೊಂದು ರೈಲು. ಅಲ್ಲಿ ಬಾಡಿಗೆ ಕೋಣೆ, ಊಟದ ಖರ್ಚು. ಪದವಿ ಆದ ಮೇಲೂ ಹಿರಿಯ ವಕೀಲರ ಕೈಕೆಳಗೆ ಸಂಬಳವಿಲ್ಲದ ಅಪ್ರೆಂಟಿಸ್. ಹೀಗಾಗಿ ವಕೀಲರಾದವರು ಎಂಥ ಮನೆಯವರೆಂದು ಬಿಡಿಸಿ ಹೇಳಬೇಕಾಗಿಲ್ಲ. ತೋಟ ಇದ್ದವರ ಮಕ್ಕಳೇ ತೋಟ ಇಲ್ಲದವರ ವ್ಯಾಜ್ಯಕ್ಕೂ ವಕೀಲರು.

ಹೆಣ್ಣುಮಕ್ಕಳಿಗಂತೂ ಪರೀಕ್ಷೆಯ ಕೋಣೆಯ ಆಚೆಯ ಬಾಗಿಲೇ ಮುಚ್ಚಿತ್ತು. 1916ರಲ್ಲಿ ರೆಜಿನಾ ಗುಹಾ ಎಂಬಾಕೆ ಕಲ್ಕತ್ತೆಯಲ್ಲಿ, 1921ರಲ್ಲಿ ಸುಧಾಂಶುಬಾಲಾ ಹಜ್ರಾ ಪಾಟ್ನಾದಲ್ಲಿ, ಕಾನೂನಿನ ಪದವಿ ಕೈಯಲ್ಲಿ ಹಿಡಿದು ಹೈಕೋರ್ಟಿಗೆ ಅರ್ಜಿ ಹಾಕಿ ಇಲ್ಲವೆನ್ನಿಸಿಕೊಂಡರು. 1923ರ ಕಾಯ್ದೆ ಬಂದ ಮೇಲೆ ಆ ಅಡ್ಡಿ ಹೋಯಿತು. ಇದನ್ನು ಹೇಳಿದಾಗ ತಮ್ಮನ ಮಗಳು, "ಅವರು ಓದಿ ಪಾಸಾಗಿ ಇಲ್ಲ ಅನ್ನಿಸಿಕೊಂಡರು, ನಾನು ಫೇಲಾಗಿ ಅನ್ನಿಸಿಕೊಂಡೆ" ಅಂದಳು. ಆ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಈಗ ನನ್ನ ವಿಷಯ. ಸ್ವಾತಂತ್ರ್ಯ ಬಂದ ಮೇಲೆ ಈ ಮೆಟ್ಟಿಲುಗಳನ್ನೆಲ್ಲ ಕಿತ್ತು ದೇಶಕ್ಕೆಲ್ಲ ಒಂದೇ ಬಗೆಯ ವಕೀಲರಿರಬೇಕೆಂದು 1961ರ ಅಡ್ವೊಕೇಟ್ಸ್ ಕಾಯ್ದೆ ಬಂತು. ಅದರ 24ನೆಯ ಕಲಮಿನಲ್ಲಿ, ಪದವಿಯ ನಂತರ ತರಬೇತಿ ಪಡೆದು ಪರೀಕ್ಷೆ ಪಾಸು ಮಾಡಬೇಕೆಂಬ ಮಾತು ಮೊದಲು ಇತ್ತು. 1973ರ ತಿದ್ದುಪಡಿ ಆ ಮಾತನ್ನು ತೆಗೆಯಿತು. 1974ರ ಜನವರಿ ಕೊನೆಯಿಂದ ಪದವಿ ಇದ್ದರೆ ಸಾಕು, ಸನ್ನದು. ಹತ್ತು ವರ್ಷ ಹಿಂದೆ ಹುಟ್ಟಿದ್ದರೆ ನಾನೂ ಬರೆಯಬೇಕಾಗಿತ್ತು. ಆ ಕಾಲಕ್ಕೆ ಇದನ್ನು ನನ್ನ ಅದೃಷ್ಟವೆಂದೇ ಎಣಿಸಿದ್ದೆ.

ನಾನು ಕೋರ್ಟಿಗೆ ಬಂದಾಗ ನಮ್ಮ ಸೀಮೆಯ ಗೇಣಿ ಜಮೀನುಗಳ ಗದ್ದಲ ಇನ್ನೂ ಪೂರ್ತಿ ಇಳಿದಿರಲಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ, ಫಾರಂ ನಂಬರ್ 7, ನ್ಯಾಯಮಂಡಳಿ ಇವೆಲ್ಲ ಹಳ್ಳಿಯ ಮಕ್ಕಳಿಗೂ ಬಾಯಿಪಾಠ. ಆ ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದೆಂದು ಕಾಯ್ದೆಯಲ್ಲೇ ಬರೆದಿದ್ದರು. ಉಳುವವನು ತನ್ನ ಬಾಯಲ್ಲೇ ಹೇಳಿಕೊಳ್ಳಲಿ ಎಂದು. ವಕೀಲನಾದ ನನಗೆ ಆಗ ಕೋಪ ಬಂದಿತ್ತು. ಈಗ ಅಷ್ಟು ಬರುವುದಿಲ್ಲ. ಯಾಕೆ ಎಂದು ಹೇಳಿಬಿಡುತ್ತೇನೆ.

ಸನ್ನದು ಸಿಕ್ಕ ಎರಡನೆಯ ವರ್ಷ. ಒಬ್ಬ ವಿಧವೆ, ಆರು ಗುಂಟೆ ಜಾಗ, ಒಂಬತ್ತು ತೆಂಗಿನ ಮರ. ಮೈದುನನ ಮೇಲೆ ದಾವೆ. ಮುನ್ಸೀಫ್ ಕೋರ್ಟಿನಲ್ಲಿ ಡಿಕ್ರಿ ಅವಳ ವಿರುದ್ಧ ಆಯಿತು. ನನ್ನ ಸೀನಿಯರ್ ಬೇರೆ ಊರಿನ ಕೆಲಸದಲ್ಲಿದ್ದರು, ಅಪೀಲು ನೀನೇ ಹಾಕು ಎಂದರು. ನಾನು ಜಂಬದಿಂದ ಒಪ್ಪಿಕೊಂಡೆ. ಅಪೀಲಿಗೆ 90 ದಿನ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು, ತೆರೆದು ನೋಡಲಿಲ್ಲ. 1963ರ ಕಾಲಮಿತಿ ಕಾಯ್ದೆಯ 116ನೆಯ ಆರ್ಟಿಕಲ್ ಒಂದೇ ಉಸಿರಿನಲ್ಲಿ ಎರಡು ಲೆಕ್ಕ ಹೇಳುತ್ತದೆ: ಹೈಕೋರ್ಟಿಗಾದರೆ 90, ಬೇರೆ ಕೋರ್ಟಿಗಾದರೆ 30. ನಾನು ನಿಧಾನವಾಗಿ, ಚೆಂದದ ಇಂಗ್ಲಿಷಿನಲ್ಲಿ, ಮೆಮೊ ಬರೆದು 71ನೆಯ ದಿನ ಕೊಂಡೊಯ್ದೆ. ಕಾಗದ ತೆಗೆದುಕೊಳ್ಳುವವನು ತಾರೀಖು ನೋಡಿ, "ಇದು ಹೈಕೋರ್ಟಲ್ಲ ಸ್ವಾಮಿ" ಅಂದ.

ತಡವನ್ನು ಮನ್ನಿಸಲು 5ನೆಯ ಕಲಮಿನಲ್ಲಿ ಅರ್ಜಿ ಹಾಕಬಹುದು, ಅದಕ್ಕೆ ಕಕ್ಷಿದಾರಳ ಅಫಿಡವಿಟ್ಟು ಬೇಕು. ವಕೀಲನ ತಪ್ಪು ಎಂದು ಬರೆಯಲು ನನ್ನ ಕೈ ಬರಲಿಲ್ಲ. ಆಕೆಗೆ ಕಾಮಾಲೆಯಾಗಿತ್ತು, ಹಾಸಿಗೆ ಹಿಡಿದಿದ್ದಳು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದೆ. ಆಕೆ ಬಂದು, "ಎಲ್ಲಿ ಒತ್ತಲಿ ಸ್ವಾಮಿ" ಎಂದಳು. ತೋರಿಸಿದೆ. ಒತ್ತಿದಳು. ನಾನು ಓದಿ ಹೇಳಲಿಲ್ಲ. ಬಿಕ್ಕಲಂ ಹಾಕುವ ಮುನ್ನ ಎರಡು ಸಲ ಓದಿ ಹೇಳುತ್ತಿದ್ದವರ ಮೊಮ್ಮಗ ನಾನು.

ವೈದ್ಯರ ಸರ್ಟಿಫಿಕೇಟು ಇರಲಿಲ್ಲ, ಅರ್ಜಿ ವಜಾ ಆಯಿತು, ಅಪೀಲೂ ಹೋಯಿತು. ಕೋರ್ಟು ಒಪ್ಪಲಿಲ್ಲ ಕಣಮ್ಮ ಅಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಆಕೆ ಸೆರಗಿನ ಗಂಟಿನಿಂದ ಉಳಿದ ಫೀಸು ಎಣಿಸಿ ಕೊಟ್ಟಳು. ನಾನು ಬೇಡವೆಂದೆ. ಮುಂದಿನ ಸಂತೆಯ ದಿನ ಒಂದು ಚೀಲದಲ್ಲಿ ಕೊಬ್ಬರಿ ತಂದು ಜಗಲಿಯ ಮೇಲಿಟ್ಟು ಹೋಗಿದ್ದಳು. ಆ ಒಂಬತ್ತು ಮರದ್ದೇ ಇರಬೇಕು, ಕಡೆಯ ಕೊಯ್ಲಿನದು. ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು. ನಿಜ ಹೇಳಲು ನನಗೆ ಆಗಲೇ ಇಲ್ಲ.

ಪರೀಕ್ಷೆಯೊಂದು ಇದ್ದಿದ್ದರೆ ಆ 30 ದಿನ ನನ್ನ ತಲೆಯಲ್ಲಿ ಇರುತ್ತಿತ್ತೇ? ಬಹುಶಃ ಇರುತ್ತಿತ್ತು. ಕಾಮಾಲೆಯ ಸುಳ್ಳು ಬರೆಯದೆ ಇರುತ್ತಿದ್ದೆನೇ? ಅದನ್ನು ಯಾವ ನಾಲ್ಕು ಉತ್ತರದ ಪ್ರಶ್ನೆಯೂ ಹಿಡಿಯಲಾರದು. ಅದಕ್ಕೆ ಪಕ್ಕದಲ್ಲಿ ಕೂತು ಕೈ ಹಿಡಿಯುವ ಹಿರಿಯನೊಬ್ಬ ಬೇಕು. ವಕೀಲರ ಪರಿಷತ್ತಿಗೂ ಇದು ಹೊಳೆಯದೆ ಇರಲಿಲ್ಲ. 1995ರಲ್ಲಿ, ಹಿರಿಯ ವಕೀಲರ ಬಳಿ ಒಂದು ವರ್ಷ ತರಬೇತಿ ಕಡ್ಡಾಯವೆಂದು ನಿಯಮ ಮಾಡಿತು. ಪಾರ್ಲಿಮೆಂಟೇ 1973ರಲ್ಲಿ ತೆಗೆದುಹಾಕಿದ್ದನ್ನು ತರಲು ಪರಿಷತ್ತಿಗೆ ಅಧಿಕಾರವಿಲ್ಲವೆಂದು 1999ರಲ್ಲಿ ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಹೊಸಬರು ಸಂಭ್ರಮಪಟ್ಟರು. ಆಮೇಲೆ 2010ರಲ್ಲಿ ಪರಿಷತ್ತು ಈ ಅಖಿಲ ಭಾರತ ಪರೀಕ್ಷೆಯ ಠರಾವು ಮಾಡಿತು, ಮೊದಲ ಪರೀಕ್ಷೆ 2011ರ ಮಾರ್ಚ್ 6ರಂದು ನಡೆಯಿತು. ಇದಕ್ಕೆ ಅಧಿಕಾರ ಉಂಟೇ ಎಂಬ ವ್ಯಾಜ್ಯ ಹನ್ನೆರಡು ವರ್ಷ ಎಳೆದು, ಐವರು ನ್ಯಾಯಮೂರ್ತಿಗಳ ಪೀಠ ಉಂಟು ಎಂದದ್ದು, ಸುಧೀರ್ ತೀರ್ಪು ಸರಿಯಲ್ಲವೆಂದದ್ದು 2023ರ ಫೆಬ್ರವರಿ 10ರಂದು. ನಮ್ಮ ಹುಡುಗಿ ಬೆಂಗಳೂರಿನಲ್ಲಿ ಪರೀಕ್ಷೆ ಬರೆದು ಬಂದು ಸರಿಯಾಗಿ ಐದು ದಿನ ಆಗಿತ್ತು.

ಅವಳ ಓದು ನಡೆದದ್ದು ಅಟ್ಟದ ಪಕ್ಕದ ಕೋಣೆಯಲ್ಲಿ. ನಮ್ಮ ಕಡೆ ಉಂಡೆ ಕೊಬ್ಬರಿಯ ಕಾಯನ್ನು ಕೆಡವಿ ಅಟ್ಟಕ್ಕೆ ಏರಿಸಿದರೆ ವರ್ಷದ ಹತ್ತಿರ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ತಂದ ಕಾಯ್ದೆ ಪುಸ್ತಕಗಳನ್ನು ಅವಳು ಆ ಕಾಯಿಗಳ ಸಾಲಿನ ಪಕ್ಕ ಜೋಡಿಸಿದ್ದಳು. ಪರೀಕ್ಷೆಗೆ ಪುಸ್ತಕ ಒಯ್ಯಬಹುದು. ಮೊದಲೆಲ್ಲ ಟಿಪ್ಪಣಿ ಸಮೇತ ಏನನ್ನಾದರೂ ಒಯ್ಯಬಹುದಿತ್ತು, 2021ರಿಂದ ವ್ಯಾಖ್ಯಾನವಿಲ್ಲದ ಬರೀ ಕಾಯ್ದೆ ಮಾತ್ರ. ಪುಸ್ತಕ ನೋಡಿ ಬರೆಯುವ ಪರೀಕ್ಷೆಗೆ ಫೇಲಾಗುವುದು ಹೇಗೆ ಎಂದು ನನ್ನ ತಮ್ಮ ಒಮ್ಮೆ ಕೇಳಿದ. ನೂರು ಪ್ರಶ್ನೆ, ಹತ್ತೊಂಬತ್ತು ವಿಷಯ, ಇನ್ನೂರ ಹತ್ತು ನಿಮಿಷ; ಹುಡುಕಲು ಕೂತರೆ ಮುಗಿಯಿತು. ಪುಟ ಎಲ್ಲಿದೆಯೆಂದು ಬಲ್ಲವನಿಗೇ ಪುಸ್ತಕ ಉಪಯೋಗ. ನನ್ನ 43ಕ್ಕೆ ಕಾರಣವೂ ಅದೇ. ಸಂವಿಧಾನ, ದಂಡಸಂಹಿತೆ, ಸಾಕ್ಷ್ಯ ಇವುಗಳಲ್ಲಿ ಮಾನ ಉಳಿಯಿತು. ಕಂಪನಿ ಕಾನೂನು, ತೆರಿಗೆ, ಸೈಬರ್ ಕಾನೂನು ಬಂದಾಗ ನಾನು ಬೆಟ್ಟು ಮಡಿಸಿ ಅದೃಷ್ಟ ನೋಡಿದವನು.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ನಮ್ಮ ತಾತ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಹುಡುಗಿ ಮೊದಲ ಸಲ ಕನ್ನಡದಲ್ಲೇ ಬರೆದಳು. ಆದರೆ ಆ ಕನ್ನಡ ತುರುವೇಕೆರೆ ಕೋರ್ಟಿನ ಕನ್ನಡವಲ್ಲ. ಇಲ್ಲಿ ಸ್ಟೇ, ಇಂಜಂಕ್ಷನ್, ಜಾಮೀನು, ವಾಯಿದೆ. ಅಲ್ಲಿ ಉದ್ದುದ್ದ ಸಂಸ್ಕೃತ ಸಮಾಸ. ಅರ್ಥಕ್ಕಾಗಿ ಪ್ರತಿ ಪ್ರಶ್ನೆಗೂ ಇಂಗ್ಲಿಷ್ ಕಾಯ್ದೆ ತಿರುವಿ ಹೊತ್ತು ಹೋಯಿತು. ಎರಡನೆಯ ಸಲ ಇಂಗ್ಲಿಷ್ ಆರಿಸಿಕೊಂಡಳು. ನನಗೆ ಬೇಸರವಾಯಿತು, ಬೇಡವೆನ್ನುವ ಧೈರ್ಯ ಬರಲಿಲ್ಲ.

ಎರಡನೆಯ ಪರೀಕ್ಷೆ 2023ರ ಡಿಸೆಂಬರ್ 10ಕ್ಕೆ. ಅಷ್ಟರಲ್ಲಿ ಪಾಸಿನ ಗೆರೆಯನ್ನೇ 40ರಿಂದ 45ಕ್ಕೆ ಏರಿಸಿದರು, ಪರಿಶಿಷ್ಟರಿಗೆ 35ರಿಂದ 40ಕ್ಕೆ. ಆ ಭಾನುವಾರದ ಲೆಕ್ಕದಲ್ಲಿ ಪಾಸಾಗಿದ್ದ ನಾನು ಡಿಸೆಂಬರಿನ ಲೆಕ್ಕದಲ್ಲಿ ಫೇಲು. ಅವಳು ಪಾಸಾದಳು. ಫಲಿತಾಂಶ ಬಂದದ್ದು 2024ರ ಮಾರ್ಚಿನಲ್ಲಿ. ಜುಲೈ 1ಕ್ಕೆ, ಅವಳು ವರ್ಷವೆಲ್ಲ ಉರುಹೊಡೆದ ದಂಡಸಂಹಿತೆ, ದಂಡಪ್ರಕ್ರಿಯೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಹೆಸರು, ಹೊಸ ನಂಬರಿನ ಕಾಯ್ದೆಗಳು ಜಾರಿಗೆ ಬಂದವು. ಅದೇ ತಿಂಗಳ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಬರೆದಿರುವ 750 ರೂಪಾಯಿಗಿಂತ, ಪರಿಶಿಷ್ಟರಿಗೆ 125ಕ್ಕಿಂತ, ಹೆಚ್ಚಿಗೆ ನೋಂದಣಿ ಶುಲ್ಕ ವಸೂಲು ಮಾಡಕೂಡದೆಂದಿತು. ಹತ್ತಾರು ಸಾವಿರ ಕಟ್ಟಿದವರು ಕಟ್ಟಿಯಾಗಿತ್ತು. ಹಿಂದೆ ವಸೂಲಾದದ್ದನ್ನು ಮರಳಿಸಬೇಕಿಲ್ಲವೆಂದೂ ತೀರ್ಪಿನಲ್ಲೇ ಇತ್ತು. ತಮ್ಮ ಅದನ್ನು ಪೇಪರಿನಲ್ಲಿ ಓದಿ ಮಡಿಸಿಟ್ಟ.

ಆ ಭಾನುವಾರದ ಪತ್ರಿಕೆಯಲ್ಲಿ ಒಂದು ಪ್ರಶ್ನೆಯಿತ್ತು: ಹೈಕೋರ್ಟಲ್ಲದ ಕೋರ್ಟಿಗೆ ಡಿಕ್ರಿಯ ಮೇಲಿನ ಅಪೀಲಿಗೆ ಕಾಲಮಿತಿ ಎಷ್ಟು? ನನ್ನ ಗುರುತು ಅಲ್ಲಿ ಕಾಗದ ಹರಿಯುವ ಹಾಗೆ ಬಿದ್ದಿತ್ತಂತೆ. ಇದೊಂದಕ್ಕೆ ಯಾಕೆ ಹೀಗೆ ಒತ್ತಿದ್ದೀರಿ ಎಂದು ಕೇಳಿದಳು. ಆವತ್ತು ಹೇಳಲಿಲ್ಲ. ಅವಳಿಗೆ ವೃತ್ತಿಪತ್ರ ಬಂದ ಮೇಲೆ ಒಂದು ರಾತ್ರಿ ಕೂರಿಸಿಕೊಂಡು ಹೇಳಿದೆ. ಹೆಬ್ಬೆಟ್ಟಿನ ವಿಷಯವನ್ನೂ ಹೇಳಿದೆ. ಅವಳು ಏನೂ ಅನ್ನದೆ ಎದ್ದು ಹೋಗಿ ಮಲಗಿದಳು.

ಮೊನ್ನೆ ಅವಳ ಹತ್ತಿರ ಒಂದು ಅಪೀಲಿನ ಕೆಲಸ ಬಂತು. ಪಕ್ಕದ ಹಳ್ಳಿಯವರು, ದಾರಿಯ ತಕರಾರು. ಡಿಕ್ರಿಯ ನಕಲನ್ನು ಮೇಜಿನ ಮೇಲೆ ಬಿಡಿಸಿ, ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿಕೊಂಡಳು. ನಕಲಿಗೆ ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾದ ದಿನದವರೆಗೆ ಬಿಟ್ಟು, ಉಳಿದ ದಿನಗಳ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋದಳು. ನಾನು ಬಾಗಿಲಲ್ಲಿ ನಿಂತು ಅವಳ ಜೊತೆ ಎಣಿಸಿದೆ. ಇನ್ನೂ ಹನ್ನೊಂದು ದಿನ ಇತ್ತು. ಆಮೇಲೆ ಅವಳು ಹೊರಗೆ ಜಗಲಿಗೆ ಹೋಗಿ, ಬಂದಿದ್ದ ಮುದುಕನನ್ನು ಎದುರು ಕೂರಿಸಿಕೊಂಡು, ತಾನು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳತೊಡಗಿದಳು.